ಮೊದಲೇ ಬರೆದಿಟ್ಟ ರವಿವಾರ

ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಸರಿಯಾಗಿ ಕಿಟಕಿಯ ಪಕ್ಕದ ಕುರ್ಚಿ, ಒಳಗೆ ಚಹಾ ಕುದಿಯುವಷ್ಟರಲ್ಲಿ ದಿನಚರಿಯ ಒಂದು ಪುಟ. ನಾನು ಮಾಸ್ತರಿಕೆಗೆ ಸೇರಿದ ವರ್ಷದಿಂದ, ನಿವೃತ್ತನಾಗಿ ಬಸವಕಲ್ಯಾಣದ ಈ ಮನೆಯಲ್ಲಿ ಕೂತಿರುವ ಇಂದಿನವರೆಗೆ, ಈ ಕ್ರಮ ತಪ್ಪಿದ್ದಿಲ್ಲ. ವರ್ಷಕ್ಕೊಂದರಂತೆ ದಿನಚರಿಗಳು ಕಬ್ಬಿಣದ ಕಪಾಟಿನಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎತ್ತರ ತಗ್ಗಿಲ್ಲದೆ ಸಾಲಾಗಿ ನಿಂತಿವೆ. ಅವುಗಳಲ್ಲಿ ಬರೆದದ್ದನ್ನು ಹೊಡೆದುಹಾಕಿದ ಗೆರೆ, ಒಂದೇ ಒಂದು ಕಾಟು ಇರಲಿಲ್ಲ. ಇರಲಿಲ್ಲ ಎಂದೆನಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ದಿನದ ಕಥೆಯನ್ನು ದಿನ ಮುಗಿದ ಮೇಲಲ್ಲವೇ ಬರೆಯುವುದು, ಬೆಳಿಗ್ಗೆ ಆರಕ್ಕೆ ಬರೆಯಲು ಏನಿರುತ್ತದೆ ಎಂದು ನೀವು ಕೇಳಬಹುದು. ಮಾಸ್ತರರಾಗಿದ್ದವರು ಕೇಳಲಾರರು. ನಮಗೆ ಪಾಠದ ಟಾಚಣ ಎಂಬುದೊಂದಿತ್ತು. ಇಂದು ಯಾವ ತರಗತಿಗೆ ಯಾವ ಪಾಠ, ಯಾವ ಪ್ರಶ್ನೆ, ಮಕ್ಕಳು ಕೊಡುವ ಉತ್ತರ ಯಾವುದು ಎಂಬುದನ್ನೆಲ್ಲ ಶಾಲೆಯ ಗಂಟೆ ಬಾರಿಸುವ ಮೊದಲೇ ಬರೆದು ಮೇಜಿನ ಮೇಲಿಡಬೇಕಿತ್ತು. ಮಕ್ಕಳು ಆ ಉತ್ತರ ಕೊಟ್ಟರೋ ಇಲ್ಲವೋ, ಟಾಚಣದಲ್ಲಂತೂ ಕೊಟ್ಟೇ ಇರುತ್ತಿದ್ದರು. ಆ ಕೈಯಲ್ಲೇ ನಾನು ದಿನಚರಿಯನ್ನೂ ಬರೆದೆ. ‘ಹತ್ತಕ್ಕೆ ಪೇಟೆಗೆ ಹೋದೆ, ನಾಲ್ಕಕ್ಕೆ ಮರಳಿದೆ’ ಎಂದು ಆರಕ್ಕೇ ಬರೆದು, ಬರೆದಂತೆ ನಡೆದುಕೊಳ್ಳುವುದು ನನ್ನ ಹೆಮ್ಮೆಯಾಗಿತ್ತು.

ನನ್ನ ಹೆಂಡತಿ ಶಾಂತಮ್ಮನಿಗೆ ಮಾತ್ರ ಇದು ಎಂದೂ ಹಿಡಿಸಲಿಲ್ಲ. “ಮಂದಿ ಆಗಿದ್ದು ಬರೀತಾರ, ನೀವು ಆಗಬೇಕಾದ್ದು ಬರೀತೀರಿ. ಪಂಚಾಂಗ ಅದರೀ ಅದು, ಡೈರಿ ಅಲ್ಲ,” ಎನ್ನುತ್ತಿದ್ದಳು. ನಾನು ನಕ್ಕು ಮುಂದಿನ ಸಾಲು ಬರೆಯುತ್ತಿದ್ದೆ.

ನನಗೆ ಸಂಶಯವಿದ್ದದ್ದು ಬೇರೆಯವರ ಪುಸ್ತಕಗಳ ಮೇಲೆ. ಈಚೆಗೆ ನಮ್ಮ ಕಡೆ ಯಾರಾದರೂ ತೀರಿಕೊಂಡರೆ ವರ್ಷದ ಪುಣ್ಯಸ್ಮರಣೆಗೆ ಒಂದು ನೆನಪಿನ ಪುಸ್ತಕ ಅಚ್ಚು ಹಾಕಿಸುವ ರೂಢಿ ಬೆಳೆದಿದೆ. ಅಂಥವು ಹತ್ತಾರು ನನ್ನ ಬಳಿ ಇವೆ. ಓದಿ ನೋಡಿ, ಈ ಸೀಮೆಯಲ್ಲಿ ಸತ್ತವರು ಯಾರೂ ಬದುಕಿದ್ದಾಗ ಸಿಟ್ಟಾಗಿಲ್ಲ, ಸೊಸೆಯನ್ನು ಬೈದಿಲ್ಲ, ಬದುವಿನ ಮೇಲಿನ ಮರಕ್ಕಾಗಿ ಅಣ್ಣನೊಂದಿಗೆ ಮಾತು ಬಿಟ್ಟಿಲ್ಲ. ಎಲ್ಲರೂ ಅಜಾತಶತ್ರುಗಳು, ಎಲ್ಲರೂ ಬೇಡಿದವರಿಗೆ ಇಲ್ಲ ಎನ್ನದವರು. ಹಾಗಿದ್ದರೆ ಆ ಇಲ್ಲಗಳನ್ನೆಲ್ಲ ನಮಗೆ ಅಂದವರು ಯಾರು? ಕಲ್ಲಿನ ಶಾಸನಗಳ ಊರಿನಲ್ಲಿ ಹುಟ್ಟಿದವನು ನಾನು. ಹೊಗಳಿಕೆಯನ್ನು ಕಲ್ಲಿನಲ್ಲಿ ಕೊರೆದರೂ ಕಾಗದದಲ್ಲಿ ಅಚ್ಚು ಹಾಕಿದರೂ ಕೊರೆಸಿದವರು ಯಾರು ಎಂದು ಮೊದಲು ನೋಡುವುದು ನನ್ನ ಅಭ್ಯಾಸ. ನನ್ನ ದಿನಚರಿಗಳನ್ನು ಮಾತ್ರ ನಾನು ಹಾಗೆ ನೋಡಿರಲಿಲ್ಲ.

ಕಳೆದ ತಿಂಗಳು ಹುಮನಾಬಾದಿನಿಂದ ಸುಮಂಗಲಾ ಬಂದಳು. ನನ್ನ ಬಾಲ್ಯದ ಗೆಳೆಯ ಮಾಣಿಕಪ್ಪನ ಮಗಳು, ಅಲ್ಲಿಯೇ ಶಾಲೆಯಲ್ಲಿ ಶಿಕ್ಷಕಿ. ಮಾಣಿಕಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ಅವಳೂ ಒಂದು ಪುಸ್ತಕ ಮಾಡುತ್ತಿದ್ದಳು. ಆದರೆ ಅವಳು ಹೊಗಳಿಕೆ ಕೇಳಲು ಬಂದಿರಲಿಲ್ಲ. ಮಾಣಿಕಪ್ಪನ ಬದುಕಿನ ಕೊನೆಯ ರವಿವಾರ ಅವಳು ಕೊಹಿನೂರು ಎಂಬ ಹಳ್ಳಿಗೆ ಮದುವೆಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಅಪ್ಪ ಕುರ್ಚಿಯಲ್ಲೇ ವಾಲಿದ್ದರು, ಮಾತು ನಿಂತುಹೋಗಿತ್ತು. ಮಂಗಳವಾರ ಉಸಿರೂ ನಿಂತಿತು.

“ಕಾಕಾ, ಅವತ್ತ ಟೇಬಲ್ ಮ್ಯಾಲ ಎರಡು ಕಪ್ಪು ಬಸಿ ಇದ್ದವು,” ಎಂದಳು. “ಯಾರೋ ಬಂದಿದ್ರು ಅಂತ ಆತಲ್ರಿ? ನೀವs ಇರಬೇಕು. ಎಷ್ಟೊತ್ತಿನ ತನಕಾ ಅಪ್ಪ ಛಲೋ ಇದ್ರು, ಅದೊಂದು ಹೇಳ್ರಿ. ಮುಂಜಾನಿಂದನs ಒಬ್ಬರs ಹಂಗ ಬಿದ್ದಿದ್ರೇನೋ ಅಂತ ವರ್ಷಾತು, ನನಗ ನಿದ್ದಿ ಇಲ್ಲ.”

ನಾನು ಕಪಾಟು ತೆರೆದು ದಿನಚರಿ ತೆಗೆದು ಓದಿದೆ: ‘ರವಿವಾರ. ಹತ್ತರ ಬಸ್ಸಿಗೆ ಹುಮನಾಬಾದಿಗೆ ಹೋದೆ. ಮಾಣಿಕಪ್ಪನ ಜೊತೆ ನಾಲ್ಕರವರೆಗೆ ಕುಳಿತೆ. ಆರಾಮ ಇದ್ದಾನೆ.’ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಸುಮಂಗಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅತ್ತು ಹಗುರಾದಳು. ಪುಸ್ತಕದಲ್ಲಿ ಹಾಕಲೆಂದು ಪುಟದ ಫೋಟೊ ತೆಗೆದುಕೊಂಡು ಹೋದಳು.

ಅವಳ ಆಟೊ ತಿರುವು ದಾಟಿದ ಮೇಲೆ ಶಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: “ಆ ಐತವಾರ ನೀವ್ ಎಲ್ಲಿ ಹೋಗಿದ್ರಿ?”

“ಬರದೀನಲ್ಲ.”

“ಬರದಿದ್ದು ಬಿಡ್ರಿ. ಮಾಣಿಕಣ್ಣಗ ಅಂತ ನಾ ಶೇಂಗಾ ಹೋಳಿಗಿ ಕಟ್ಟಿ ಕೊಟ್ಟಿದ್ದೆ. ಡಬ್ಬಿ ತುಂಬಿದ್ದು ತುಂಬಿದಂಗs ಹೊಳ್ಳಿ ಬಂತು. ಮಂಗಳವಾರದ ತನಕಾ ನಾವಿಬ್ಬರs ತಿಂದೇವಿ. ಮರತ್ರೇನು?”

ಮತ್ತೆ ಆ ಪುಟ ತೆರೆದೆ. ಊರಿಗೆ ಹೋಗಿ ಬಂದ ದಿನ ಬಸ್ಸಿನ ಚೀಟಿಯನ್ನು ಪುಟದ ಮೂಲೆಗೆ ಅಂಟಿಸುವುದು ನನ್ನ ರೂಢಿ. ಅಲ್ಲಿ ಚೀಟಿ ಇರಲಿಲ್ಲ. ಆಗ ಎಲ್ಲವೂ ಎದುರಿಗೆ ಬಂದು ನಿಂತಿತು. ಹತ್ತರ ಬಸ್ಸು ಹತ್ತೂ ಮುಕ್ಕಾಲಾದರೂ ಬಂದಿರಲಿಲ್ಲ. ಹನ್ನೊಂದಕ್ಕೆ ಹೊರಟರೆ ಹನ್ನೆರಡು ಗಂಟೆಯ ಊಟ ತಪ್ಪುತ್ತದೆ, ಊಟ ತಪ್ಪಿದರೆ ಮಧ್ಯಾಹ್ನದ ಮಾತ್ರೆ ತಪ್ಪುತ್ತದೆ ಎಂದು ಲೆಕ್ಕ ಹಾಕಿ, ಮುಂದಿನ ವಾರ ಹೋದರಾಯಿತೆಂದು ನಾನು ಡಬ್ಬಿಯ ಸಮೇತ ಮನೆಗೆ ಮರಳಿದ್ದೆ. ‘ಬರ್ತೀನಿ, ಚಹಾ ಇಡು’ ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದವನು, ಬರುವುದಿಲ್ಲ ಎಂದು ಹೇಳಲು ಫೋನು ಮಾಡಲಿಲ್ಲ. ಕಾಟು ಹೊಡೆಯಬಾರದೆಂಬ ನಿಯಮವಿದ್ದುದರಿಂದ ಬರೆದದ್ದು ಬರೆದಂತೆಯೇ ಉಳಿಯಿತು.

ಇಷ್ಟನ್ನು ನಾನು ನಿಜವಾಗಿ ಮರೆತಿದ್ದೆನೇ? ನೀವು ಸಂಶಯಪಡಬಹುದು, ನಾನೂ ಪಡುತ್ತೇನೆ. ಅವನು ಹೋದ ಮೇಲೆ ಆ ಪುಟವನ್ನು ಎಷ್ಟು ಸಲ ತೆರೆದು ಓದಿಕೊಂಡೆನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ಎದೆ ತಣ್ಣಗಾಗುತ್ತಿತ್ತು. ನೆನಪನ್ನು ಕಾಪಾಡಲು ಪುಸ್ತಕ ಎನ್ನುತ್ತೇವೆ, ಆದರೆ ನೆನಪಿನಿಂದ ನಮ್ಮನ್ನು ಕಾಪಾಡಲೆಂದೇ ಎಷ್ಟು ಪುಸ್ತಕಗಳು ಇವೆಯೋ! ಒಂದು ವರ್ಷ ಓದಿದರೆ ಸುಳ್ಳಿಗೂ ಮುಖ, ದನಿ, ಚಹಾದ ರುಚಿ ಎಲ್ಲ ಬಂದುಬಿಡುತ್ತವೆ. ಪುಸ್ತಕವಿಲ್ಲದ ಶಾಂತಮ್ಮನಿಗೆ ಹೋಳಿಗೆ ನೆನಪಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಆ ಪುಟದಿಂದ ಒಂದು ಹುಡುಗಿಗೆ ನಿದ್ದೆ ಬರುತ್ತದೆ, ಯಾರಿಗೂ ಕೇಡಿಲ್ಲ. ಎರಡು ದಿನ ಹಾಗೆಯೇ ವಾದಿಸಿಕೊಂಡೆ. ಮೂರನೆಯ ದಿನ, ಅವಳ ನಿದ್ದೆಗಾಗಿ ವಾದಿಸುತ್ತಿದ್ದೇನೋ ನನ್ನ ನಿದ್ದೆಗಾಗಿಯೋ ಎಂಬ ಅನುಮಾನ ಹತ್ತಿತು. ದಿನಚರಿಯನ್ನು ಚೀಲಕ್ಕೆ ಹಾಕಿ ಹುಮನಾಬಾದಿಗೆ ಹೊರಟೆ. ಅಂದು ಬಸ್ಸು ಒಂದು ತಾಸು ತಡ, ಕಾದೆ.

ಆ ರವಿವಾರ ನಾನು ಬಂದಿರಲಿಲ್ಲ ಎಂದು ಹೇಳಿದ್ದನ್ನು ಸುಮಂಗಲಾ ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ನೆಲ ನೋಡುತ್ತ ಹೇಳಿದಳು: “ಎರಡನೇ ಕಪ್ಪು ಸ್ವಚ್ಛ ಇತ್ತರೀ ಕಾಕಾ. ಚಹಾದ ಕಲಿ ಸೈತ ಇರಲಿಲ್ಲ. ನೀವು ಶಿಸ್ತಿನ ಮನಶ್ಯಾ, ಕುಡದು ತೊಳದು ಇಟ್ಟು ಹೋಗಿರತೀರಿ ಅಂತ ನನಗ ನಾನs ಹೇಳ್ಕೊಂಡಿದ್ದೆ.”

ನನ್ನ ಶಿಸ್ತಿಗೆ ಜೀವನದಲ್ಲಿ ಬಂದ ಪ್ರಶಸ್ತಿಗಳಲ್ಲಿ ಇದೇ ಕಡೆಯದು.

“ಎಷ್ಟೊತ್ತು ಕಾದಿದ್ರೇನೋ ಅಪ್ಪ,” ಎಂದು ತನಗೆ ತಾನೇ ಅಂದುಕೊಂಡು, ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. “ಇದನ್ನs ಬರದು ಕೊಡ್ರಿ. ನಾ ಹೋಗಲಿಲ್ಲ ಅಂತ ಬರೀರಿ. ಕಪ್ಪು ಇಟಗೊಂಡು ಕಾಯಾಕತ್ತಿದ್ರು ಅಂತನೂ ಬರೀರಿ. ಖರೆ ಅಂದ್ರ ಅದs ಒಂದು ಉಳದದ.”

ಬರೆದುಕೊಟ್ಟೆ. ಆ ದಿನ ಅವಳು ನನಗೆ ಚಹಾ ಬೇಕೇ ಎಂದು ಕೇಳಲಿಲ್ಲ. ಆ ಮನೆಯಲ್ಲಿ ಚಹಾ ಕುಡಿಯದೆ ನಾನು ಎದ್ದದ್ದು ಅದೇ ಮೊದಲು, ಅದು ಸರಿಯಾಗಿಯೇ ಇತ್ತು.

ಮನೆಗೆ ಬಂದವನೇ ಕೆಂಪು ಶಾಯಿಯಲ್ಲಿ ಆ ಪುಟದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ, ಕೆಳಗೆ ‘ಹೋಗಲಿಲ್ಲ’ ಎಂದು ಬರೆದೆ. ಅಷ್ಟು ವರ್ಷಗಳಲ್ಲಿ ಮೊದಲ ಕಾಟು. ಮಿಕ್ಕ ಪುಟಗಳಲ್ಲಿ ಎಷ್ಟಕ್ಕೆ ಅದು ಬೇಕೋ ನನಗೆ ಗೊತ್ತಿಲ್ಲ. ಕಪಾಟಿನ ಆ ಶಿಸ್ತಿನ ಸಾಲು ಈಗ, ಎಲ್ಲರೂ ಒಂದೇ ಉತ್ತರ ಬರೆದ ತರಗತಿಯ ಹಾಗೆ ಕಾಣುತ್ತದೆ. ಯಾರು ಯಾರನ್ನು ನೋಡಿ ಬರೆದರೋ.

ನಾಡಿದ್ದು ಮಾಣಿಕಪ್ಪನ ಪುಣ್ಯಸ್ಮರಣೆ. ನಿನ್ನೆ ಸುಮಂಗಲಾ ಫೋನು ಮಾಡಿದ್ದಳು. ಪುಸ್ತಕ ಅಚ್ಚಾಗಿ ಬಂದಿದೆಯಂತೆ, ನನ್ನ ಹಾಳೆಯನ್ನು ಒಂದಕ್ಷರವೂ ತಿದ್ದದೆ ಹಾಕಿದ್ದಾಳಂತೆ. ಕೊನೆಗೆ ಕೇಳಿದಳು: “ಬರತೀರೇನ್ರಿ ಕಾಕಾ? ಕಪ್ಪು ಇಡ್ಲೇನು?”

“ಬಂದ ಮ್ಯಾಲ ಇಡವಾ,” ಎಂದೆ.

ಈಗ ಬೆಳಗಿನ ಆರು ಗಂಟೆ. ಒಳಗೆ ಚಹಾ ಕುದಿಯುತ್ತಿದೆ. ನಿನ್ನೆಯ ಪುಟ ಬರೆದು ಮುಗಿಸಿದ್ದೇನೆ, ಇಂದಿನದು ಖಾಲಿ ಇದೆ.