ಎಂಗೇಜ್ ಇದ್ದ ಲೈನು

ನಮ್ಮ ಓಣಿಯಲ್ಲಿ ಮೊದಲು ಫೋನು ಬಂದದ್ದು ನಮ್ಮ ಮನೆಗೆ. ತೊಂಬತ್ತೈದನೇ ಇಸವಿಯ ಮಾತು. ಹುಬ್ಬಳ್ಳಿಯ ಅಂಚಿನ ಬೈರಿದೇವರಕೊಪ್ಪದಲ್ಲಿ ಆಗ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ಹಿತ್ತಲಲ್ಲಿ ನಿಂತರೆ ಹತ್ತಿಯ ಹೊಲ ಕಾಣುತ್ತಿತ್ತು. ನಮ್ಮ ಮನೆಯವರು, ಅಂದರೆ ಶಿವಯೋಗೀಶ, ಕಮರಿಪೇಟೆಯ ಒಂದು ಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಅಂಗಡಿಯ ಸಾವಕಾರರಿಗೆ ಯಾವ ಹೊತ್ತಿನಲ್ಲಿ ಯಾವ ಲೆಕ್ಕ ನೆನಪಾಗುತ್ತದೆಂದು ಹೇಳಲಿಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಅವರು ನಮ್ಮ ಮನೆಗೊಂದು ಫೋನು ಬೇಕೆಂದು ಅರ್ಜಿ ಹಾಕಿಸಿದ್ದರು. ಫೋನು ಬರುವ ಹೊತ್ತಿಗೆ ಸಾವಕಾರರು ಆ ಮಾತನ್ನೇ ಮರೆತಿದ್ದರು. ನಾನು ಮರೆತಿರಲಿಲ್ಲ.

ನನ್ನ ತವರು ಗರಗ. ಫೋನಿಗೆ ಹೊದಿಸಲೆಂದು ಅಲ್ಲಿಂದ ಖಾದಿ ಬಟ್ಟೆ ತಂದು, ಗೋಪುರ, ಆನೆ, ನವಿಲು ಎಲ್ಲ ಬರುವಂತೆ ಕಸೂತಿ ಹಾಕಿದೆ. ನನ್ನ ಮದುವೆಯ ಸೀರೆಯ ಮೇಲೂ ಅಷ್ಟು ಕಸೂತಿ ಇರಲಿಲ್ಲ. ಫೋನು ಎತ್ತಬೇಕಾದರೆ ಮೊದಲು ಆ ಬಟ್ಟೆ ತೆಗೆದು, ಮಡಚಿ, ಪಕ್ಕಕ್ಕಿಡಬೇಕು. ಅಷ್ಟರಲ್ಲಿ ಎಷ್ಟೋ ಸಲ ಆ ಕಡೆಯವರು ಸಾಕಾಗಿ ಇಟ್ಟುಬಿಡುತ್ತಿದ್ದರು.

ಸ್ವಲ್ಪ ದಿನಗಳಲ್ಲೇ ನಮ್ಮ ನಂಬರು ಇಡೀ ಓಣಿಯ ನಂಬರಾಯಿತು. ಮೂಲೆಮನೆಯ ಫಕೀರಪ್ಪ ಲಾರಿಗಳಿಗೆ ಬಾಡಿಗೆ ಹಿಡಿದುಕೊಡುವವನು. ನಾವು ಊಟಕ್ಕೆ ಕೂತಾಗಲೇ ಅವನಿಗೆ ಫೋನು. ಎದುರುಮನೆಯ ಹುಸೇನಬಿ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಕೊಲ್ಲಾಪುರದ ಗ್ಯಾರೇಜಿನಲ್ಲಿದ್ದ ಅವಳ ತಮ್ಮ ಶುಕ್ರವಾರಕ್ಕೊಮ್ಮೆ ಮಾತಾಡಿಸುತ್ತಿದ್ದ. ಲಗ್ನಪತ್ರಿಕೆಗಳ ಮೇಲೂ ನಮ್ಮ ನಂಬರು ಅಚ್ಚಾಗತೊಡಗಿತು. ಯಾರದೇ ಕರೆ ಬಂದರೂ ನಾನು ಗೇಟಿಗೆ ಹೋಗಿ ಹೆಸರು ಹಿಡಿದು ಕೂಗಬೇಕು.

ಈ ತ್ರಾಸನ್ನು ನಾನು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದೆ. ನನ್ನ ಮನಿ ಛತ್ರ ಆಗೈತಿ, ಒಂದು ತುತ್ತು ಸಮಾಧಾನದಿಂದ ಉಣ್ಣೂದು ಆಗವಲ್ದು ಅಂತ ಗರಗದಲ್ಲಿ ಅವ್ವನ ಎದುರೂ ಹಾಡಿದೆ. ಅಷ್ಟು ತ್ರಾಸಿದ್ದರೆ ಫೋನು ತಿರುಗಿ ಕೊಟ್ಟುಬಿಡಿರೆಂದು ಅವ್ವ ಸರಳವಾಗಿ ಹೇಳಿದಳು. ನಾನು ಕೂಡಲೇ ಆ ವರ್ಷದ ಜೋಳದ ವಿಷಯ ತೆಗೆದೆ.

ಮಂದಿ ಮಾತಾಡುವಾಗ ಕದ್ದು ಕೇಳುವ ಚಾಳಿ ನನಗಿರಲಿಲ್ಲ. ಆದರೆ ಯಾರಾದರೂ ಫೋನಿಗೆಂದು ಬಂದ ಹೊತ್ತಿಗೆ ಸರಿಯಾಗಿ ನನಗೆ ಪಡಸಾಲೆಯಲ್ಲಿ ಅಕ್ಕಿ ಆರಿಸುವ ಕೆಲಸ ಬೀಳುತ್ತಿತ್ತು. ಆ ವರ್ಷಗಳಲ್ಲಿ ಇಡೀ ಹುಬ್ಬಳ್ಳಿಯಲ್ಲಿ ನಮ್ಮ ಮನೆಯಷ್ಟು ಹಸನಾದ ಅಕ್ಕಿ ಬೇರೆ ಯಾರ ಮನೆಯಲ್ಲೂ ಇದ್ದಿರಲಿಕ್ಕಿಲ್ಲ. ಯಾರ ಮಗಳಿಗೆ ಯಾವ ಊರಿನ ವರ, ಯಾರ ಅತ್ತೆ ಯಾವ ಆಸ್ಪತ್ರೆಯಲ್ಲಿ, ಎಲ್ಲವೂ ನನಗೆ ಆಯಾ ಮನೆಯವರಿಗಿಂತ ಅರ್ಧ ನಿಮಿಷ ಮೊದಲೇ ಗೊತ್ತಿರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಯಾರಾದರೂ ಸುದ್ದಿ ತೆಗೆದರೆ, ಗೊತ್ತಿಲ್ಲದವಳಂತೆ ಮುಖ ಮಾಡಿ ಕೂತಿರುವುದೇ ಒಂದು ಕಷ್ಟ.

ಎರಡು ಸಾವಿರದ ಒಂದರಲ್ಲಿ ಮಗಳು ವಿದ್ಯಾ ಕಂಪ್ಯೂಟರು ತಂದಳು. ಬಿ.ಕಾಂ. ಮುಗಿಸಿದ್ದ ಅವಳು ಧಾರವಾಡದ ಪ್ರೆಸ್ಸುಗಳಿಗೆ ಪುಸ್ತಕಗಳನ್ನು ಮನೆಯಲ್ಲೇ ಟೈಪು ಮಾಡಿ, ಇಂಟರ್‌ನೆಟ್ಟಿನ ಮೇಲೆ ಕಳಿಸುವ ಕೆಲಸ ಹಿಡಿದಳು. ಆ ಇಂಟರ್‌ನೆಟ್ಟು ಬರುತ್ತಿದ್ದದ್ದು ನನ್ನ ಫೋನಿನ ತಂತಿಯಲ್ಲೇ. ಅದು ಹತ್ತಿಕೊಳ್ಳುವಾಗ ಗಂಟಲಲ್ಲಿ ಕಫ ಕಟ್ಟಿದ ಮುದುಕನೊಬ್ಬ ಕೆಮ್ಮಿ, ಸಿಳ್ಳೆ ಹೊಡೆದು, ಮತ್ತೆ ಕೆಮ್ಮಿದ ಹಾಗೆ ಸಪ್ಪಳ. ಹತ್ತಿಕೊಂಡ ಮೇಲೆ ಫೋನು ಎಂಗೇಜ್. ಹೊರಗಿನಿಂದ ಯಾರ ಕರೆಯೂ ಬರುವುದಿಲ್ಲ.

ನನಗಾದರೆ ತಾಸಿಗೊಮ್ಮೆ ರಿಸೀವರ್ ಎತ್ತಿ, ಫೋನಿಗೆ ಜೀವ ಇದೆಯೋ ಇಲ್ಲವೋ ಎಂದು ಕಿವಿಗೆ ಹಚ್ಚಿ ನೋಡುವ ರೂಢಿ. ನಾನು ಎತ್ತಿದೊಡನೆ ಅಲ್ಲಿ ನೆಟ್ಟು ಕಡಿದುಹೋಗುತ್ತಿತ್ತು. ಅರ್ಧ ಪುಸ್ತಕ ಧಾರವಾಡ ಮುಟ್ಟಿರುತ್ತಿತ್ತು, ಉಳಿದರ್ಧ ನಮ್ಮ ಮನೆಯಲ್ಲೇ. ಒಳಗಿನಿಂದ ವಿದ್ಯಾಳ ಕುರ್ಚಿ ಹಿಂದಕ್ಕೆ ಸರಿದ ಸಪ್ಪಳವಷ್ಟೇ ಕೇಳುತ್ತಿತ್ತು. ನಾನು ಕಸೂತಿ ಬಟ್ಟೆ ಹೊದಿಸಿ, ಮೆತ್ತಗೆ ಅಡಿಗೆಮನೆಗೆ ಹೋಗುತ್ತಿದ್ದೆ.

ಆಮೇಲೆ ಮೊಬೈಲು ಬಂದವು. ಮೊದಲು ಫಕೀರಪ್ಪ ತಗೊಂಡ. ಅವನ ದಂಧೆಗೆ ಬೇಕು ಬಿಡು ಅಂದುಕೊಂಡೆ. ನಂತರ ಒಂದೊಂದಾಗಿ ಎಲ್ಲ ಮನೆಗಳಲ್ಲೂ ಬಂದು, ಕಡೆಗೆ ಹುಸೇನಬಿಯ ಕೈಯಲ್ಲೂ ಒಂದು ಕಾಣಿಸಿತು. ನಮ್ಮ ಗೇಟಿನ ಕೀಲು ಕಿರುಗುಟ್ಟುವುದು ನಿಂತಿತು. ಫೋನೂ ಮೂಕವಾಯಿತು. ಇದಕ್ಕೆ ಕಾರಣ ನನಗೆ ಸ್ಪಷ್ಟವಾಗಿ ಗೊತ್ತಿತ್ತು: ವಿದ್ಯಾಳ ಇಂಟರ್‌ನೆಟ್ಟು. ಪಾಪ, ಎಷ್ಟು ಮಂದಿ ಫೋನು ಹಚ್ಚಿ ಹಚ್ಚಿ ಎಂಗೇಜ್ ಅಂತ ಬಿಟ್ಟುಬಿಡುತ್ತಾರೋ ಎಂದು ಎಲ್ಲರೆದುರೂ ಮರುಗಿದೆ. ತಂಗಿಯ ಮಗನ ಲಗ್ನದಲ್ಲಿ ಯಾರೋ, ಯಾಕ ನಿಮ್ಮ ದನಿನ ಇಲ್ಲ ಅಂದಾಗಲೂ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಪೂರಾ ನಂಬಿಕೆ ಬಂತು.

ಎರಡು ಸಾವಿರದ ಆರರಲ್ಲಿ ಬ್ರಾಡ್‌ಬ್ಯಾಂಡ್ ಅನ್ನುವುದು ನಮ್ಮ ಕಡೆಗೂ ಬಂತು. ಅದೇ ತಂತಿ, ಆದರೆ ನೆಟ್ಟಿನ ಪಾಡಿಗೆ ನೆಟ್ಟು, ಫೋನಿನ ಪಾಡಿಗೆ ಫೋನು ಅಂತ ವಿದ್ಯಾ ಖುಷಿಯಿಂದ ಹೇಳಿದಳು. ನನಗೆ ಅದು ಬೇಡವಾಗಿತ್ತು. ಯಾಕೆಂದು ಆಗ ಕೇಳಿದ್ದರೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಸಿಡಿಲು ಹೊಡೆದರೆ ಎರಡೂ ಕೂಡಿಯೇ ಸುಡುತ್ತವೆ ಅಂದೆ. ಒಂದೇ ತಂತಿಯಲ್ಲಿ ಎರಡು ಕೂಡಿ ಹೋದರೆ ವಿದ್ಯಾಳ ಟೈಪಿಂಗು ನನ್ನ ಕಿವಿಗೆ ಬರುತ್ತದೆ, ನನ್ನ ಮಾತು ಅವಳ ಪುಸ್ತಕದಲ್ಲಿ ಅಚ್ಚಾಗುತ್ತದೆ ಅಂದೆ. ಇದನ್ನು ನಗಲಿಕ್ಕೆ ಹೇಳಿದ್ದಲ್ಲ.

ಲೈನ್‌ಮನ್ ಬೀರಲಿಂಗಪ್ಪ ಮೊದಲ ಸಲ ಬಂದಾಗ, ಇವತ್ತು ಅಮಾಸಿ, ಹೊಸದು ಏನೂ ಹಚ್ಚುವಂತಿಲ್ಲ ಅಂತ ಗೇಟಿನಿಂದಲೇ ಕಳಿಸಿದೆ. ಮುಂದಿನ ಸಲ, ಮನೆಗೆ ಮಠದ ಅಯ್ಯನವರು ಊಟಕ್ಕೆ ಬರುವವರಿದ್ದಾರೆ ಅಂದೆ. ಆ ದಿನ ನಮ್ಮ ಮನೆಯಲ್ಲಿ ಬರೀ ಹಿಂದಿನ ದಿನದ ರೊಟ್ಟಿ ಇದ್ದವು.

ಸಂಜೆ ನಮ್ಮ ಮನೆಯವರು ಇದನ್ನು ಕೇಳಿ, ಅಂಗಿ ತೆಗೆದು ಗೂಟಕ್ಕೆ ಹಾಕುತ್ತ, ಸಿಟ್ಟಿಲ್ಲದೆ ಕೇಳಿದರು.

“ಅಲ್ಲ, ನೆಟ್ಟಿನ ಸಂಬಂಧ ಫೋನ್ ಬರವಲ್ವು ಅಂತ ನೀನ ಅಂತಿದ್ದಿ. ಈಗ ನೆಟ್ಟೂ ಇರ್ತೈತಿ, ಫೋನೂ ಬರ್ತಾವು. ಮತ್ತ ಯಾಕ ಬ್ಯಾಡ ಅಂತಿ?”

ಲೆಕ್ಕ ಬರೆಯುವವರನ್ನು ಮದುವೆಯಾಗಬಾರದು. ಕೂಡಿಸಿ ಕಳೆದು, ಉಳಿದದ್ದನ್ನು ಕೈಯಲ್ಲಿ ತಂದಿಡುತ್ತಾರೆ. ಪಲ್ಯಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ನೋಡುತ್ತೇನೆ ಅಂತ ಎದ್ದೆ. ಒಮ್ಮೆ ಹಾಕಿದ್ದೆ, ಮತ್ತೊಮ್ಮೆ ಹಾಕಿದೆ.

ಮರುವಾರ ವಿದ್ಯಾ ತಾನೇ ಮನೆಯಲ್ಲಿ ನಿಂತು ಅದನ್ನು ಹಚ್ಚಿಸಿದಳು. ಬೀರಲಿಂಗಪ್ಪ ತಂತಿಯನ್ನು ಎರಡಾಗಿ ಒಡೆಯುವ ಒಂದು ಸಣ್ಣ ಡಬ್ಬಿ ಕೂಡಿಸಿದ. ಹಸಿರು ದೀಪಗಳು ಮಿಣಮಿಣ ಅನ್ನುವ ಇನ್ನೊಂದು ಡಬ್ಬಿ ಕಂಪ್ಯೂಟರಿನ ಪಕ್ಕಕ್ಕೆ ಬಂತು. ಕೆಮ್ಮಿಲ್ಲ, ಸಿಳ್ಳೆ ಇಲ್ಲ. ರಿಸೀವರ್ ಎತ್ತಿದರೆ ನೆಟ್ಟು ಕಡಿಯಲಿಲ್ಲ. ಮಗಳು ಹಾಡುತ್ತ ಟೈಪು ಮಾಡುತ್ತಿದ್ದಳು. ಫೋನು ಬೆಳಗಿನಿಂದ ಸಂಜೆಯವರೆಗೂ ಖಾಲಿ.

ಖಾಲಿ ಅಂದರೆ ಖಾಲಿ. ಒಂದು ಕರೆ ಬರಲಿಲ್ಲ. ಸ್ನಾನಕ್ಕೆ ಹೋದಾಗ ಬಂದೀತೆಂದು ಎರಡು ತಂಬಿಗೆ ಸುರಿದುಕೊಂಡು ಹೊರಗೆ ಬರುತ್ತಿದ್ದೆ. ಹೊದಿಸಿದ ಬಟ್ಟೆಯನ್ನೂ ತೆಗೆದಿಟ್ಟೆ, ಅದರಿಂದ ರಿಂಗಿನ ಸಪ್ಪಳ ಒಳಗೇ ಉಳಿಯಬಹುದೆಂದು. ಒಂದು ವಾರವಾದ ಮೇಲೆ ಒಮ್ಮೆ ರಿಂಗಾಯಿತು. ಓಡಿಹೋಗಿ ಎತ್ತಿದೆ. ದನದ ಡಾಕ್ಟರ ಮನೆಯೇನ್ರಿ ಎಂದು ಯಾರೋ ಅಣ್ಣಿಗೇರಿ ಕಡೆಯವನು ಕೇಳಿದ. ಅಲ್ಲ ಅನ್ನಬೇಕಿತ್ತು. ದನಕ್ಕೆ ಏನಾಗಿದೆ ಅಂತ ಕೇಳಿದೆ. ಮೇವು ಬಿಟ್ಟಿದೆ ಅಂದ. ಹೊಟ್ಟೆ ಉಬ್ಬಿದೆಯೇ, ಮೆಲುಕು ಹಾಕುತ್ತದೆಯೇ, ಎಲ್ಲ ವಿಚಾರಿಸಿದೆ. ಪಾಪ, ಅವನು ಎಲ್ಲಕ್ಕೂ ಉತ್ತರ ಕೊಟ್ಟು, ಹಂಗಾರ ಯಾವಾಗ ಬರ್ತೀರಿ ಅಂತ ಕೇಳಿದಾಗ ನಂಬರು ತಪ್ಪಾಗಿದೆ ಅಂತ ಹೇಳಲೇಬೇಕಾಯಿತು. ಅವನು ನನಗೆ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನವೇ ಕಂಪ್ಲೇಂಟು ಕೊಟ್ಟೆ: ಹೊಸದು ಹಚ್ಚಿದ ಮೇಲೆ ಹೊರಗಿನ ಕರೆ ಬರುವುದು ನಿಂತಿದೆ. ಬೀರಲಿಂಗಪ್ಪ ಬಂದು ತನ್ನ ಮಷೀನಿನಿಂದ ಹಚ್ಚಿ ನೋಡಿದ. ಫೋನು ಮನೆ ತುಂಬ ರಿಂಗಾಯಿತು. ಆದರೂ ನನ್ನ ಮುಖ ನೋಡಿ ತಂತಿ ಒರೆಸಿ, ತಿರುಪು ಬಿಗಿ ಮಾಡಿ, ಈಗ ಛಲೋ ಐತ್ರಿ ಅಂತ ಹೋದ. ಸ್ವಲ್ಪ ದಿನ ಬಿಟ್ಟು ಮತ್ತೆ ಕರೆಸಿದೆ. ಆ ಸಲ ಅವನು ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ಚಹಾ ಕುಡಿದು ಕೇಳಿದ.

“ಅಕ್ಕಾರ, ನಿಮಗ ಯಾರ ಫೋನ್ ಬರೂದೈತಿ ಹೇಳ್ರಿ. ನಾನ ಅವರಿಗೆ ಹೇಳಿ ಹೋಗ್ತೇನಿ, ಹಚ್ಚಿ ನೋಡ್ರಿ ಅಂತ.”

ಅವನು ಚಾಷ್ಟಿ ಮಾಡಲಿಲ್ಲ, ಖರೇನೇ ಕೇಳಿದ. ನಾನು ಬಾಯಿ ತೆರೆದೆ. ಒಂದು ಹೆಸರೂ ಬರಲಿಲ್ಲ. ಫೋನು ನಮ್ಮ ಮನೆಗೆ ಬರುತ್ತಿತ್ತು ಹೊರತು ನನಗೆ ಯಾವತ್ತೂ ಬಂದಿರಲಿಲ್ಲ. ಆಮೇಲೆ ಹೇಳ್ತೇನಿ ಅಂದೆ.

ಅವತ್ತು ಮಧ್ಯಾಹ್ನ ಕೂತು ವಿಚಾರ ಮಾಡಿದೆ. ಇಷ್ಟಾದರೂ ನನ್ನ ಬುದ್ಧಿ ಹೋದದ್ದು ಎಲ್ಲಿಗೆ? ಓಣಿಯವರಿಗೆ ನಮ್ಮ ಲೈನು ಈಗ ಖಾಲಿ ಇರುವುದು ಗೊತ್ತಿರಲಿಕ್ಕಿಲ್ಲ, ಹೋಗಿ ಹೇಳಬೇಕು ಅನ್ನುವಲ್ಲಿಗೆ. ಸೀರೆ ಬದಲಿಸಿ ಎದುರುಮನೆಗೆ ಹೊರಟೆ. ಹುಸೇನಬಿಯ ಗೇಟಿನ ಚಿಲಕ ತೆಗೆಯಲು ಹೋದರೆ ಅದು ಯಾವ ಕಡೆ ತಿರುಗುತ್ತದೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ನಾನು ನಮ್ಮ ಗೇಟಿನಿಂದಲೇ ಕೂಗುತ್ತಿದ್ದೆ. ಈ ಗೇಟು ದಾಟಿದ್ದೇ ಇಲ್ಲ.

ಹುಸೇನಬಿ ನೆಲದ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಕಾಲೇಜಿಗೆ ಹೋಗುವ ಅವಳ ಮಗಳು ಶಮೀಮ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ನನ್ನನ್ನು ನೋಡಿ ಇಬ್ಬರೂ ಗಡಬಡಿಸಿ ಎದ್ದರು. ಯಾರಿಗೋ ಏನೋ ಆಗಿದೆ, ಅದಕ್ಕೇ ಬಂದಿದ್ದೇನೆ ಅಂದುಕೊಂಡರಂತೆ. ಏನಿಲ್ಲ ಅಂದೆ. ಬ್ರಾಡ್‌ಬ್ಯಾಂಡು, ಎರಡಾದ ತಂತಿ, ಎಲ್ಲ ವಿವರಿಸಿ, ಇನ್ನು ಮೇಲೆ ನಿನ್ನ ತಮ್ಮ ಯಾವಾಗ ಬೇಕಾದರೂ ನಮ್ಮ ಮನೆಗೆ ಫೋನು ಮಾಡಬಹುದು ಅಂದೆ. ಹುಸೇನಬಿಯ ಸೊಂಟದಲ್ಲಿ ಸಿಕ್ಕಿಸಿದ ಮೊಬೈಲು ನನ್ನನ್ನೇ ನೋಡುತ್ತಿತ್ತು.

ಅವಳು ನನ್ನನ್ನು ಕೂಡಿಸಿ, ಚಹಾ ತಂದುಕೊಟ್ಟು ಹೇಳಿದಳು.

“ತಪ್ಪ ತಿಳೀಬ್ಯಾಡ್ರಿ ನಾಗರತ್ನಕ್ಕಾರ. ನಿಮ್ಮಿಂದ ಉಪಕಾರ ಭಾಳ ಆಗೈತಿ. ಆದ್ರ ನಿಮ್ಮ ಮುಖಕ್ಕ ಹೆದರಿನ ನಾ ಮೊಬೈಲ್ ತಗೊಂಡಿದ್ದು.”

ನನ್ನ ಮುಖಕ್ಕೆ ಏನಾಗಿದೆ ಅಂತ ಕೇಳಿದೆ. ಅವಳು ಹೇಳಲೊಲ್ಲಳು. ನಾನೂ ಬಿಡಲೊಲ್ಲೆ. ಕಡೆಗೆ ಶಮೀಮ, ನಾ ಮಾಡಿ ತೋರಿಸ್ಲೇನ್ರಿ ಆಂಟಿ ಅಂದಳು. ತಾಯಿ ಕಣ್ಣು ಬಿಟ್ಟು ಹೆದರಿಸಿದರೂ ಹುಡುಗಿ ಎದ್ದು ನಿಂತಳು. ಚಹಾದ ತಾಟನ್ನು ಮೊರದ ಹಾಗೆ ಹಿಡಿದು ಅಕ್ಕಿ ಆರಿಸುತ್ತ, ಬಂದವರ ಕಾಲು ನೋಡಿದಳು, ಕಾಲಿನಿಂದ ನೆಲ ನೋಡಿದಳು, ನೆಲದಿಂದ ಗೋಡೆಯ ಗಡಿಯಾರ ನೋಡಿ ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಅಷ್ಟೇ. ಆದರೆ ನಾನು ನನ್ನನ್ನು ಕಂಡೆ. ಆ ಉಸಿರು ನಮ್ಮ ಅತ್ತೆಯದು. ಅವರಿಂದ ನಾನು ಕಲಿತದ್ದು. ಓಣಿಯವರೆಲ್ಲ ಕಾಲ ಬದಲಾದದ್ದಕ್ಕೆ ಮೊಬೈಲು ಕೊಂಡರೆಂದು ತಿಳಿದಿದ್ದೆ. ಇವರು ಕೊಂಡದ್ದು ನನ್ನ ಮೂಗಿನಿಂದ ಪಾರಾಗಲಿಕ್ಕೆ.

ಸಿಟ್ಟು ಬಂದದ್ದು ಸುಳ್ಳಲ್ಲ. ಎದ್ದು ಹೋಗಿಬಿಡಲೇ ಅನಿಸಿತು. ಆದರೆ ಬಸಿಯಲ್ಲಿ ಇನ್ನೂ ಚಹಾ ಇತ್ತು, ಮನೆಯಲ್ಲಿ ಆ ಮೂಕ ಫೋನು ಇತ್ತು. ಇನ್ನೊಮ್ಮೆ ಮಾಡು ಅಂದೆ. ಶಮೀಮ ಇನ್ನೊಮ್ಮೆ ಮಾಡಿದಳು, ಈ ಸಲ ಉಸಿರು ಇನ್ನೂ ಉದ್ದ. ಮೊದಲು ನಕ್ಕವಳು ಹುಸೇನಬಿ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ನನಗೂ ತಡೆಯಲಾಗಲಿಲ್ಲ. ಚಹಾ ಕೌದಿಯ ಮೇಲೆ ಚೆಲ್ಲಿತು. ಅದು ನವಲಗುಂದದವರು ಹೊಲಿಯಲಿಕ್ಕೆ ಕೊಟ್ಟದ್ದಂತೆ. ಕಲೆಯಾದ ತುಂಡು ಬಿಚ್ಚಿ ಬೇರೆ ತುಂಡು ಹಚ್ಚಬೇಕಾಯಿತು. ಚೆಲ್ಲಿದವಳು ನಾನಾದ್ದರಿಂದ ಮರುದಿನ ಮಧ್ಯಾಹ್ನ ನಾನೇ ಹೋಗಿ ಹೊಲಿಯಲು ಕೂತೆ. ಕಸೂತಿ ಹಾಕುವ ಕೈಗೆ ಕೌದಿಯ ಹೊಲಿಗೆ ಒಂದಿಷ್ಟೂ ಒಗ್ಗಲಿಲ್ಲ. ನಾನು ಹಾಕಿದ್ದನ್ನು ಹುಸೇನಬಿ ನನಗೆ ಕಾಣದಂತೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅದು ನನಗೆ ಕಾಣುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಶಮೀಮಳ ಪಿಯುಸಿ ರಿಸಲ್ಟು ಇಂಟರ್‌ನೆಟ್ಟಿನ ಮೇಲೆ ಬಂತು. ವಿದ್ಯಾ ಅದನ್ನು ನಮ್ಮ ಮನೆಯಲ್ಲೇ ತೆಗೆದಳು. ಲೆಕ್ಕಶಾಸ್ತ್ರದಲ್ಲಿ ಹೋಗಿತ್ತು. ಹುಡುಗಿ ಅಳಲಿಲ್ಲ, ಹಸಿರು ದೀಪಗಳನ್ನೇ ನೋಡುತ್ತ ಕೂತಳು. ನಾನು ಉಸಿರನ್ನೂ ಬಾಯಿಯಿಂದಲೇ ಬಿಟ್ಟೆ. ನಮ್ಮ ಮನೆಯವರು ಅಂಗಡಿಯಿಂದ ಬಂದ ಮೇಲೆ ದಿನಾ ಅವಳಿಗೆ ಪಾಠ ಹೇಳುವುದೆಂದು ಆಯಿತು. ಅವಳು ಮರುಪರೀಕ್ಷೆಯಲ್ಲಿ ಪಾಸಾದಳು. ಆದರೆ ಪಾಠ ಹೇಳುವಾಗ ನಮ್ಮ ಮನೆಯವರ ಮುಖ ಹೇಗಿರುತ್ತದೆಂದೂ ಕಲಿತುಬಿಟ್ಟಳು. ಅದನ್ನು ಅವಳು ಮಾಡಿ ತೋರಿಸಿದ ದಿನ ನನಗೆ ಬಹಳ ಸಮಾಧಾನವಾಯಿತು.

ಈಗ ಮಧ್ಯಾಹ್ನವಾದರೆ ನಾನು ಎದುರುಮನೆಯಲ್ಲೇ. ಮೊನ್ನೆ ಒಂದು ಸಂಜೆ, ವಿದ್ಯಾ ಧಾರವಾಡದ ಪ್ರೆಸ್ಸಿಗೆ ಹೋಗಿದ್ದಾಗ, ನಮ್ಮ ಮನೆಯವರು ಅಂಗಡಿಯಿಂದ ಬಂದು, ಮನೆಗೆ ಕೀಲಿ ಹಾಕಿದ್ದು ನೋಡಿ, ಹುಸೇನಬಿಯ ಬಾಗಿಲಿಗೆ ಬಂದು ನಿಂತು, ಚಹಾ ಇಲ್ಲೇ ಸಿಗುತ್ತದೇನು ಅಂತ ಕೇಳಿದರು. ಹುಸೇನಬಿ ಅವರಿಗೆ ಒಂದು ಕುರ್ಚಿ ಹಾಕಿದಳು. ನಾನು ಹೊಲಿಗೆ ಬಿಟ್ಟು ಏಳಲಿಲ್ಲ.