ರಾಹುಕಾಲ ಕಳೆಯಲಿ ಎಂದಿದ್ದೆ

ಗುರುವಾರ ಮಧ್ಯಾಹ್ನ ಒಂದೂಮುಕ್ಕಾಲಿಗೆ ನನ್ನ ಯಜಮಾನರ ವಿದ್ಯಾರ್ಥಿನಿ ನಮ್ಮ ಮಲ್ಲೇಶ್ವರದ ಮನೆಗೆ ಬಂದಳು. ಅವರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಅವಳು ಆರು ವರ್ಷದಿಂದ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ತಾಯಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರು. ಊರಿನ ಹಳೆಯ ಸೊಪ್ಪಿನ ತೋಟಗಳ ಮೇಲೆಯೇ ಅವಳ ಪ್ರಬಂಧ. ಬಂದಾಗಲೆಲ್ಲ ಒಂದು ಕಟ್ಟು ದಂಟಿನ ಸೊಪ್ಪು ತರುತ್ತಿದ್ದಳು, ಬೇರಿನ ಮಣ್ಣು ನಮ್ಮ ನೆಲಕ್ಕೆ ಉದುರದಂತೆ ಪೇಪರು ಸುತ್ತಿ.

ಅಂದು ತಂದದ್ದು ಮಾರ್ಗದರ್ಶಕರು ಸಹಿ ಮಾಡಬೇಕಾದ ಪ್ರಮಾಣಪತ್ರ. ಸಹಿಯಾದರೆ ಅದನ್ನು ಸೇರಿಸಿ ತಿಂಗಳ ಕೊನೆಯೊಳಗೆ ಪ್ರಬಂಧ ಸಲ್ಲಿಸಬಹುದು. ತಪ್ಪಿದರೆ ನೋಂದಣಿಯೇ ರದ್ದು. ಅವಧಿಯನ್ನು ಈಗಾಗಲೇ ಒಮ್ಮೆ ವಿಸ್ತರಿಸಿದ್ದರು. ಯಜಮಾನರು ಪೆನ್ನು ಕೈಗೆತ್ತಿಕೊಂಡರು.

"ರಾಹುಕಾಲ ಕಣ್ರೀ," ಎಂದೆ. "ಮೂರು ಗಂಟೆ ಆಗ್ಲಿ."

"ನೀನು ಓದಿದ ಕಾನ್ವೆಂಟ್ ಸಿಸ್ಟರ್‌ಗಳು ಇದನ್ನೂ ಹೇಳ್ಕೊಟ್ಟಿದ್ರೇನೇ?" ಎಂದು ಯಜಮಾನರು ಛೇಡಿಸಿದರು.

"ಇರ್ಲಿ ಬಿಡಿ ಸಾರ್," ಎಂದು ಅವಳು ನಕ್ಕಳು. "ನಮ್ಮಮ್ಮನೂ ಹೀಗೇ. ರಾಹುಕಾಲದಲ್ಲಿ ಬೋಣಿ ಮಾಡಲ್ಲ."

ಊಟ ಬಡಿಸಿದೆ. ಅವಳು ಹುಳಿಯ ನುಗ್ಗೆಕಾಯಿ ಸಿಪ್ಪೆಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದಳು. ಯಜಮಾನರು ಸ್ವಲ್ಪ ಒರಗಿಕೊಳ್ಳುತ್ತೇನೆಂದು ಒಳಗೆ ಹೋದರು. ಮೂರಕ್ಕೆ ಕಾಫಿ ಹಿಡಿದು ಎಬ್ಬಿಸಲು ಹೋದರೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಮಂಚದಿಂದ ಇಳಿಬಿದ್ದಿತ್ತು. ಬರಿಗಾಲಲ್ಲೇ ಓಡಿಹೋಗಿ ಆಟೋ ತಂದವಳು ಅವಳೇ.

ಎರಡು ವಾರದ ಮೇಲೆ ಮನೆಗೆ ಕರೆತಂದೆವು. ಮಾತು ಹೋಗಿತ್ತು, ತಿಳಿವಳಿಕೆ ಪೂರ್ತಿ ಇತ್ತು. ಎಡಗೈಗೆ ಪೆನ್ನು ಕೊಟ್ಟರೆ ಖಾಲಿ ಹಾಳೆಯ ಮೇಲೆ ಒಂದು ಗೆರೆ ಎಳೆದು ಸುಸ್ತಾಗುತ್ತಿದ್ದರು. ಆ ಹಾಳೆ ಹಿಡಿದು ನಾನೇ ಅವಳ ಜೊತೆ ವಿಶ್ವವಿದ್ಯಾಲಯದ ಕಚೇರಿಗೆ ಹೋದೆ.

"ಸಾರ್ ಸೈನ್ ಇರ್ಲೇಬೇಕು ಮೇಡಂ," ಎಂದರು ಅಲ್ಲಿದ್ದ ಗುಮಾಸ್ತರು. "ಈ ಗೆರೆ ಎಲ್ಲಾ ನಡೆಯಲ್ಲ. ಗೈಡ್ ಚೇಂಜ್‌ಗೆ ಅರ್ಜಿ ಕೊಡ್ಲಿ, ಕಮಿಟಿ ಕೂತ್ಕೊಂಡು ನೋಡತ್ತೆ."

"ಯಾವಾಗ ಕೂತ್ಕೊಳ್ಳತ್ತೆ?"

"ಮುಂದಿನ ತಿಂಗಳು ಇರಬಹುದು. ನನ್ನ ಕೈಲಿ ಏನಿದೆ ಹೇಳಿ."

ಒರಟಾಗಿ ಮಾತಾಡಲಿಲ್ಲ. ನನಗಾಗಿ ಕುರ್ಚಿ ಒರೆಸಿಯೂ ಕೊಟ್ಟರು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ಬರುವಾಗ ಮೆಟ್ರೋದಲ್ಲಿ, "ನಾನು ಅವತ್ತು ಸುಮ್ನಿದ್ದಿದ್ರೆ..." ಎಂದೆ. "ಅಯ್ಯೋ ಆಂಟಿ, ನೀವೇನ್ ಕನಸು ಕಂಡಿದ್ರಾ," ಎಂದು ಕಿಟಕಿಯ ಕಡೆ ತಿರುಗಿದಳು.

ಪ್ರಬಂಧ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಮತ್ತೆ ಬಂದಳು. ನಾನು ಯಜಮಾನರಿಗೆ ಗಂಜಿ ಕುಡಿಸುತ್ತಿದ್ದೆ. ಹಾಳೆಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಕೇಳಿದಳು: "ಆಂಟಿ, ಸಾರ್ ಸೈನ್ ನಿಮಗೆ ಬರತ್ತಲ್ವಾ?"

ಬರುತ್ತದೆ. ಮನೆಗೆ ಬರುವ ಕೊರಿಯರ್‌ಗಳಿಗೆಲ್ಲ ಎಷ್ಟೋ ವರ್ಷದಿಂದ ನಾನೇ ಹಾಕುತ್ತಿದ್ದೆ. ಕೊನೆಯಲ್ಲಿ ಅವರು ಎಳೆಯುವ ಕೊಂಡಿ ಸಮೇತ ಬರುತ್ತದೆ. ಚಮಚ ಕೆಳಗಿಟ್ಟೆ.

ಅವರಿಗೆ ಕೇಳಿಸಿತ್ತು. ತಲೆ ಬಲಕ್ಕೆ ತಿರುಗಿತು, ಬಹಳ ಹೊತ್ತಿನ ಮೇಲೆ ಎಡಕ್ಕೆ. ಬೇಡ. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಇನ್ನೊಂದು ಸಲ ತಲೆಯಾಡಿಸಿದರು.

"ತಪ್ಪಾಯ್ತು ಸಾರ್," ಎಂದು ಅವಳು ಅವರ ಕಾಲು ಮುಟ್ಟಿದಳು.

ಕಚೇರಿ ಐದಕ್ಕೆ ಮುಚ್ಚುತ್ತದೆ. ಅಲ್ಲಿಯವರೆಗೂ ಮೂವರೂ ಅಲ್ಲೇ ಕೂತಿದ್ದೆವು. ಗಂಜಿ ಆರಿ ಮೇಲೆ ಕೆನೆ ಕಟ್ಟಿತು. ಐದೂಕಾಲಿಗೆ ಅವಳು ಹಾಳೆಯನ್ನು ಮಡಿಸದೆ ಫೈಲಿಗೆ ಸೇರಿಸಿ, "ಬರ್ತೀನಿ ಆಂಟಿ," ಎಂದಳು. "ಹುಷಾರಾಗಿ ಹೋಗಮ್ಮ," ಎಂದೆ.