ಒಂದೇ ಸಲ ಕೇಳಿದ ಕೂಗು

ಸೂಟೆಯ ಹೊಗೆಗೆ ಅದರದ್ದೇ ಒಂದು ವಾಸನೆ. ಒಣಗಿದ ತೆಂಗಿನ ಗರಿಯನ್ನು ಕಟ್ಟಿ, ಹಚ್ಚಿ, ಬೀಸುತ್ತಾ ನಡೆದರೆ ಹಿಂದಿನಿಂದ ಬರುತ್ತದೆ. ಟಾರ್ಚು ಬಂದ ಮೇಲೆ ಅದನ್ನು ಮರೆತೇ ಬಿಟ್ಟಿದ್ದೆ. ಕಳೆದ ಅಕ್ಟೋಬರ್ ಕೊನೆಗೆ, ಕೊಲ್ಲಮೊಗ್ರಿನಿಂದ ಸ್ವಲ್ಪ ಆಚೆ, ಒಂದು ಕಾಡಿನ ಗೇಟಿನಲ್ಲಿ ಅದು ಮತ್ತೆ ಮೂಗಿಗೆ ಬಡಿಯಿತು.

ಯಾರೋ ತಮ್ಮ ಕಾಡುಜಾಗದಲ್ಲಿ ಹ್ಯಾಲೋವೀನ್ ಎಂದು ಹೆದರಿಸುವ ಆಟ ಇಟ್ಟಿದ್ದರು. ಮುಖವಾಡ ಹಾಕಿದವರು ಮರದ ಹಿಂದೆ ಅಡಗಿರುತ್ತಾರೆ, ನಾವು ಕತ್ತಲೆಯ ಕಾಲುದಾರಿಯಲ್ಲಿ ನಡೆದು ಹೆದರಬೇಕು. ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವ ಮಗಳು ಹಟ ಮಾಡಿ ಕರೆದುಕೊಂಡು ಹೋಗಿದ್ದಳು. ಕಾಡಿನ ಬದಿಯಲ್ಲೇ ಬೆಳೆದ ನಿಮಗೆ ಎಂತ ಹೆದರಿಕೆ ಎಂದು ತಮಾಷೆ ಮಾಡಿದ್ದಳು. ಗೇಟಿನ ಎರಡೂ ಕಡೆ ಸೂಟೆ ಉರಿಯುತ್ತಿತ್ತು. ನನಗೆ ಮಾಷ್ಟ್ರು ನೆನಪಾದರು...

ಆಗ ನನಗೆ ಹತ್ತೊಂಬತ್ತು. ಪುತ್ತೂರು ಕಡೆಯ ಸವಣೂರಿನ ಹತ್ತಿರ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ಕಲ್ಲು ಹೊರುವ ಕೆಲಸ. ನನ್ನ ಹೆಸರನ್ನೂ ಬರೆಯಲು ಬರುತ್ತಿರಲಿಲ್ಲ. ಶಾಲೆಯಿಂದ ನಿವೃತ್ತರಾಗಿದ್ದ ಮಾಷ್ಟ್ರು ಸಂಜೆ ಹೊತ್ತು ರೇಶನ್ ಅಂಗಡಿಯ ಜಗಲಿಯಲ್ಲಿ ನಮ್ಮಂಥ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ನನ್ನ ಕೈಗೆ ಸಿಕ್ಕಿದ ಬಳಪವೆಲ್ಲ ತುಂಡಾಗುತ್ತಿತ್ತು. "ಅದು ಕಲ್ಲಲ್ಲ ಮಾರಾಯ. ಕೋಳಿಮರಿ ಹಿಡಿದ ಹಾಗೆ ಹಿಡಿ" ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಸೂಟೆ ಬೀಸುತ್ತಾ ಕಾಡಿನ ದಾರಿಯಲ್ಲಿ ಒಬ್ಬರೇ ಮನೆಗೆ ಹೋಗುತ್ತಿದ್ದರು.

ನಮ್ಮಲ್ಲಿ ಒಂದು ಮಾತಿತ್ತು. ಕತ್ತಲಾದ ಮೇಲೆ ಕಾಡಿನಲ್ಲಿ ಯಾರು ಕರೆದರೂ ಮೂರನೆಯ ಕರೆಗೆ ಮಾತ್ರ ಓಗೊಡಬೇಕು. ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ. ಬೇರೆ ಏನಾದರೂ ಆದರೆ ಒಂದೇ ಸಲ. ಒಂದು ದಿನ ಜಗಲಿಯಲ್ಲಿ ಈ ಮಾತು ಬಂದಾಗ ಮಾಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

"ಕರೆದವನಿಗೆ ಮೂರು ಸಲ ಕರೆಯುವ ತ್ರಾಣ ಇಲ್ಲದಿದ್ದರೆ ಎಂತ ಮಾಡುದು?"

ಉತ್ತರಕ್ಕೆ ಕಾಯದೆ ಸೂಟೆ ಹಚ್ಚಿಕೊಂಡು ಹೊರಟರು.

ಅದೇ ವಾರ ನನ್ನನ್ನು ನಿಲ್ಲಿಸಿ ಓದಿಸಿದರು. ತಪ್ಪಿ ತಪ್ಪಿ ಓದಿದೆ. ಎಲ್ಲರೂ ನಕ್ಕರು, ಮಾಷ್ಟ್ರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ಸಿಟ್ಟು ಬಂತು. ಜೊತೆಗೆ ಕಲ್ಲು ಹೊರುತ್ತಿದ್ದ ಗೆಳೆಯ, ಯಾವುದಕ್ಕೂ ಹೆದರದ ಮಾಷ್ಟ್ರನ್ನು ಒಮ್ಮೆ ಓಡಿಸಿ ನೋಡುವ ಎಂದ. ಮರುದಿನ ಇಬ್ಬರೂ ದಾರಿಯ ಮೇಲಿನ ಕೊಂಬೆಗೆ ಉಡುವ ಬಿಳಿ ಮುಂಡು ಕಟ್ಟಿ, ಹಗ್ಗ ಹಿಡಿದು ಪೊದೆಯಲ್ಲಿ ಕುಳಿತೆವು.

ಸೂಟೆ ಬಂತು. ನಾನು ಹಗ್ಗ ಎಳೆದೆ, ಮುಂಡು ಅವರ ಮುಂದೆ ಇಳಿಯಿತು. ಮಾಷ್ಟ್ರು ಕಿರುಚಲಿಲ್ಲ, ಓಡಲೂ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದರು, ಅಷ್ಟೆ. ಅಲ್ಲಿ ಹಳೆಯ ಕೋರೆಯ ಗುಂಡಿ ಇರುವುದು ನಮಗೆ ಗೊತ್ತಿತ್ತು, ಆದರೆ ನೆನಪಾಗಲಿಲ್ಲ... ಬೆಳಕು ಒಮ್ಮೆಲೇ ಇಲ್ಲವಾಯಿತು.

ನಾವು ಓಡಿದೆವು. ತೋಡಿನ ನೀರು ದಾಟುವ ಸಂಕದ ಹತ್ತಿರ ಬಂದಾಗ ಹಿಂದಿನಿಂದ ಒಂದು ಕೂಗು ಕೇಳಿತು. "ಓ..." ಎಂದು, ಉದ್ದಕ್ಕೆ. ನಿಂತೆವು. ಎರಡನೆಯದಕ್ಕೆ ಕಾದೆವು. ಬರಲಿಲ್ಲ.

"ಒಂದೇ ಸಲ ಕೇಳಿದ್ದು. ಅದು ಅವರಲ್ಲ" ಎಂದ ಗೆಳೆಯ.

ಅವರೇ ಎಂದು ನನಗೆ ಗೊತ್ತಿತ್ತು. ಆದರೂ ಹೌದು, ಅವರಲ್ಲ ಎಂದೆ.

ಬೆಳಿಗ್ಗೆ ಸೊಪ್ಪಿಗೆ ಹೋದವರು ಅವರನ್ನು ಎತ್ತಿಕೊಂಡು ಬಂದರು. ಸೊಂಟದ ಮೂಳೆ ಮುರಿದಿತ್ತು. ಪುತ್ತೂರಿನ ಆಸ್ಪತ್ರೆಗೆ ಎಲ್ಲರ ಜೊತೆ ನಾನೂ ಹೋದೆ. ಕಾಲು ಜಾರಿತು ಎಂದಷ್ಟೇ ಮಾಷ್ಟ್ರು ಹೇಳಿದರು. ಮುಂಡಿನ ಮಾತು ಎತ್ತಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದುಕೊಂಡರು.

"ಮುಂದಿನ ಪಾಠ ನೀನೇ ಓದಿಕೊಳ್ತಿಯಲ್ಲ?"

ಅವರಿಗೆ ಗೊತ್ತಿತ್ತೋ ಇಲ್ಲವೋ... ಇವತ್ತಿಗೂ ತಿಳಿಯದು.

ಹಗ್ಗ ಎಳೆದದ್ದು ನಾನು ಎಂದು ಬಾಯಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಬರೆಯಲು ಕಲಿತು, ಬರೆದೇ ಕೊಡುತ್ತೇನೆ ಎಂದುಕೊಂಡೆ. ಅವರು ಮತ್ತೆ ನಡೆಯಲಿಲ್ಲ. ಈಶ್ವರಮಂಗಲದಲ್ಲಿ ತಂಗಿಯ ಮನೆಗೆ ಹೋಗಿ ಉಳಿದರು. ಜಗಲಿಯ ಪಾಠವೂ ನಿಂತಿತು. ಸಿಕ್ಕಿದವರ ಹತ್ತಿರ ಕೇಳಿ ಕೇಳಿ, ಆ ಒಂದು ಹಾಳೆ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋದಾಗ ಅವರ ತಂಗಿ ಅಂಗಳಕ್ಕೆ ಬಂದು, ಅಣ್ಣ ಹೋಗಿ ಹದಿನೈದು ದಿನ ಆಯಿತು ಎಂದರು. ಕುಡಿಯಲು ನೀರು ಕೊಟ್ಟರು. ಹಾಳೆ ಕಿಸೆಯಲ್ಲೇ ವಾಪಸು ಬಂತು.

ಕೊಲ್ಲಮೊಗ್ರಿನ ಆ ಕಾಡಿನಲ್ಲಿ ಎಲ್ಲರೂ ಕಿರುಚುತ್ತಿದ್ದರು, ಕಿರುಚಿ ನಗುತ್ತಿದ್ದರು. ಮೇಲಿನಿಂದ ಒಂದು ಬಿಳಿ ಬಟ್ಟೆ ಇಳಿದು ಬಂತು. ಮಗಳು ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಕತ್ತಲೆಯೊಳಗಿಂದ ಒಂದು ದನಿ ನರಳಿತು. "ಓ..." ಎಂದು, ಉದ್ದಕ್ಕೆ.

"ಓ... ಬಂದೆ ಮಾಷ್ಟ್ರೇ" ಎಂದು ನನ್ನ ಬಾಯಿ ಆಗಲೇ ಹೇಳಿಯಾಗಿತ್ತು. ದಾರಿ ಬಿಟ್ಟು ಪೊದೆಯೊಳಗೆ ನುಗ್ಗಿದೆ. ಹಿಂದಿದ್ದವರು ನಕ್ಕರು. ಮಗಳು ಓಡಿ ಬಂದು ಅಂಗಿ ಹಿಡಿದಳು. ಅವಳಿಗೆ ಮಾಷ್ಟ್ರ ಕತೆ ನಾನು ಯಾವತ್ತೂ ಹೇಳಿರಲಿಲ್ಲ.

"ಎಂತಪ್ಪ ನೀವು... ಅದು ಸ್ಪೀಕರ್."

ಹೌದು, ಮರದ ಬುಡದಲ್ಲಿ ಒಂದು ಕಪ್ಪು ಪೆಟ್ಟಿಗೆ ಇತ್ತು. ಎರಡನೆಯ ಕರೆಗೆ ಕಾಯುತ್ತಾ ಅದರ ಮುಂದೆ ನಿಂತೆ. ಮಗಳು ಕರೆದರೂ ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದು ಎರಡನೆಯ ಸಲ ಕರೆಯಿತು. ಮೂರನೆಯ ಸಲವೂ ಕರೆಯಿತು.